ನೋಡಲಿಕ್ಕೆ ಬೇಕಾದ ಸದ್ದು

ಬೆಳಿಗ್ಗೆ ಎಂಟೂವರೆಗೆ ನಮ್ಮ ಬೀದಿಯಲ್ಲಿ ಒಂದು ಕಬ್ಬಿಣದ ಶಟರ್ ಘರ್ರೆಂದು ಮೇಲೇಳುತ್ತದೆ. ಆ ಸದ್ದಿಗೆ ಪಾರಿವಾಳಗಳು ಹಾರುತ್ತವೆ, ತೊಟ್ಟಿಲ ಕೂಸು ಎದ್ದು ಅಳುತ್ತದೆ, ಎದುರು ಮನೆಯವರು ದಿನವೂ ಅದೇ ಎರಡು ಮಾತು ಬೈಯುತ್ತಾರೆ. ಶಟರ್ ಎತ್ತುವವರು ನನ್ನ ಸೋದರಮಾವ. ಅವರಿಗೆ ಆ ಸದ್ದೂ ಕೇಳದು, ಬೈಗುಳವೂ ಕೇಳದು. ಮೂರನೇ ವರ್ಷದಲ್ಲಿ ಬಂದ ಜ್ವರ ಕಿವಿಯನ್ನು ತೆಗೆದುಕೊಂಡು ಹೋಯಿತು.

ಶಟರಿನ ಹಿಂದೆ ಇರುವುದು ಪ್ರೆಸ್ಸು. ಮಾವ ಅಲ್ಲಿ ಇಪ್ಪತ್ತಾರು ವರ್ಷದಿಂದ ಬಣ್ಣದ ಮುದ್ರಣದ ಯಂತ್ರ ನಡೆಸುತ್ತಿದ್ದಾರೆ. ನಾಲ್ಕು ಬಣ್ಣ ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಅದನ್ನು ನೋಡಲೆಂದು ಅವರ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಭೂತಗನ್ನಡಿ. ಯಂತ್ರ ಕೆಟ್ಟಾಗ ಉಳಿದವರು ಕಿವಿಗೊಟ್ಟು ತಪ್ಪು ಹುಡುಕಿದರೆ, ಮಾವ ಅಂಗೈ ಇಟ್ಟು ಹುಡುಕುತ್ತಾರೆ. ಬಹಳ ಸಲ ಅಂಗೈಯೇ ಗೆದ್ದಿದೆ.

ಮಾವ, ಅತ್ತೆ ಇಬ್ಬರೂ ಓದಿದ್ದು ಕಿವುಡ ಮಕ್ಕಳ ಶಾಲೆಯಲ್ಲಿ. ಅತ್ತೆಗೂ ಕಿವಿ ಕೇಳದು. ಕಳೆದ ವರ್ಷ ಆ ಶಾಲೆ ವಿಜ್ಞಾನದ ಹತ್ತು ಪಾಠಗಳನ್ನು ಸನ್ನೆಭಾಷೆಯಲ್ಲಿ ವಿಡಿಯೊ ಮಾಡಿಸಲು ಹೊರಟಿತು. ಒಂದು ಸ್ಟುಡಿಯೊ ಹೃದಯದ ಪಾಠವನ್ನು ಮಾದರಿಗೆಂದು ಮಾಡಿಕೊಟ್ಟಿತ್ತು. ಅದರಲ್ಲಿ ಸನ್ನೆ ಮಾಡುವ ಹೆಂಗಸನ್ನು ಮೂಲೆಯ ಒಂದು ಪುಟ್ಟ ವೃತ್ತದೊಳಗೆ ತುರುಕಿದ್ದರು. ಕೈ ಎದೆಗಿಂತ ಕೆಳಗಿಳಿದರೆ ಕಾಣೆ. ಹಿನ್ನೆಲೆ ಸಂಗೀತ ಮಾತ್ರ ಬಹಳ ಸೊಗಸಾಗಿತ್ತು.

ಅದನ್ನು ನೋಡಿ ಬಂದ ದಿನ ಮಾವ ಊಟಕ್ಕೆ ಕೂರಲಿಲ್ಲ. ನನ್ನೆದುರು ನಿಂತು ಕೈಯಲ್ಲಿ ಹೇಳಿದರು: "ಮಾತಾಡುವವರ ಬಾಯಿಗೆ ಬಟ್ಟೆ ಕಟ್ಟಿ ಪಾಠ ಮಾಡು ಅಂದ ಹಾಗಿದೆ. ನಾವು ಮಾಡೋಣ. ಕೈ ನಿಮ್ಮತ್ತೆಯದು. ದನಿ ನಿನ್ನದು."

ದನಿ ಬೇಕೆಂದವರು ಮುಖ್ಯೋಪಾಧ್ಯಾಯಿನಿ. ಮನೆಯಲ್ಲಿ ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ನೋಡಲಿ ಎಂಬುದು ಅವರ ಆಸೆ. ಮೂರು ತಿಂಗಳು ಸಮಯ ಕೊಟ್ಟರು. ಎರಡೂ ಮಾದರಿಗಳನ್ನು ಏಳನೇ ತರಗತಿಯ ಮಕ್ಕಳಿಗೆ ತೋರಿಸುವುದು, ಮಕ್ಕಳಿಗೆ ಯಾವುದು ತಿಳಿಯುತ್ತದೋ ಹತ್ತು ಪಾಠವೂ ಅದನ್ನು ಮಾಡಿದವರಿಗೆ. ಮಾವ ಸೋತರೆ ಮಕ್ಕಳು ವರ್ಷವಿಡೀ ಆ ವೃತ್ತದೊಳಗೆ ಇಣುಕುತ್ತಿರಬೇಕು.

ಮೊದಲು ನನ್ನ ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಿದೆವು. ಸೆಕೆಂಡಿಗೆ ಅರವತ್ತು ಚಿತ್ರ ಹಿಡಿದ ವಿಡಿಯೊ ಅದಕ್ಕೆ ನುಂಗಲಾರದ ತುತ್ತಾಯಿತು. ಅತ್ತೆಯ ಕೈ ತಡವರಿಸಿ ತಡವರಿಸಿ ಹೆಜ್ಜೆಯಿಟ್ಟಿತು. ಹೊಸ ಕಂಪ್ಯೂಟರ್ ಬೇಕೇ ಬೇಕು ಎಂದಾಯಿತು. ಮಾವ ಅಂಗಡಿಗಳಿಗೆ ಅಲೆದರು, ಅಳೆದರು, ಸುರಿದರು, ನೋಟ್‌ಬುಕ್ಕಿನ ಹಾಳೆ ತುಂಬಿಸಿದರು.

ಅಜ್ಜಿಗೆ ಕೊನೆಗೆ ತಡೆಯಲಿಲ್ಲ. "ಮದುವೆಗೆ ಹೂಂ ಅನ್ನೋಕೆ ಅರ್ಧ ಗಂಟೆ ತಗೊಂಡ ನಿಮ್ಮ ಮಾವ. ಈ ಡಬ್ಬಕ್ಕೆ ಎರಡು ತಿಂಗಳು! ಹೇಳು ಅವನಿಗೆ."

ಹೇಳಿದೆ. ಮಾವ ಅತ್ತೆಯ ಕಡೆ ನೋಡಿ ಕೈಯಾಡಿಸಿದರು: "ಅದು ಕಣ್ಣಿಗೆ ತಕ್ಷಣ ಗೊತ್ತಾಯಿತು. ಇದು ಒಳಗಿನದು."

ಕೊನೆಗೆ ಒಪ್ಪಿದ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯಾತ ಏಳು ಬಣ್ಣದಲ್ಲಿ ಮಿನುಗುವ ಒಂದು ಯಂತ್ರದ ಮುಂದೆ ನಮ್ಮನ್ನು ನಿಲ್ಲಿಸಿದ.

"ಇದನ್ನ ತಗೊಳ್ಳಿ ಮೇಡಂ, ಕಣ್ಣು ಮುಚ್ಕೊಂಡು ತಗೊಳ್ಳಿ."

ಮಾವ ತುಟಿ ಓದುತ್ತಾರೆ. "ಕಣ್ಣು ಮುಚ್ಚಿದರೆ ನನ್ನ ಹತ್ತಿರ ಏನೂ ಉಳಿಯೋದಿಲ್ಲ ಅಂತ ಹೇಳು" ಎಂದರು. ಹೇಳಿದೆ. ಆತ ನಗಬೇಕೋ ಬೇಡವೋ ತಿಳಿಯದೆ ಮೌಸ್ ಒರೆಸಿದ.

ಮಾವ ಜೇಬಿನಿಂದ ಪೆನ್ ಡ್ರೈವ್ ತೆಗೆದರು. ಅದರಲ್ಲಿ ಅತ್ತೆಯ ಕೈಗಳ ಮೂರು ನಿಮಿಷದ ವಿಡಿಯೊ. ಓಡಿಸಿದರು. ಮಾವ ರೆಪ್ಪೆ ಮಿಟುಕಿಸದೆ ನೋಡಿ, ಬೇಡವೆಂದು ತಲೆಯಾಡಿಸಿದರು.

"ಯಾಕೆ ಸರ್? ಬೆಣ್ಣೆ ಥರ ಓಡ್ತಿದೆಯಲ್ಲ!"

"ಬೆರಳು ಬಿಟ್ಟುಹೋಗ್ತಿದೆ ಅಂತಾರೆ" ಎಂದೆ.

ಆತ ನಂಬದೆ ಸಾಫ್ಟ್‌ವೇರಿನ ಮೂಲೆಯಲ್ಲಿ ಏನನ್ನೋ ಒತ್ತಿ ತೆರೆದ. ಹನ್ನೆರಡು ಚಿತ್ರಗಳು ಬಿಟ್ಟುಹೋಗಿದ್ದವು. ಆಮೇಲೆ ಆತ "ಕಣ್ಣು ಮುಚ್ಕೊಂಡು" ಎಂಬ ಮಾತು ತೆಗೆಯಲಿಲ್ಲ.

ಮಿನುಗುವ ದೀಪಗಳಿಗೆ ಹೋಗುವ ದುಡ್ಡನ್ನು ಮಾವ ರ‍್ಯಾಮಿಗೆ ತಿರುಗಿಸಿದರು. ಎಂಟರ ಬದಲು ಮೂವತ್ತೆರಡು ಜಿಬಿ. ಪ್ರೊಸೆಸರ್ ಒಳ್ಳೆಯದು, ಗ್ರಾಫಿಕ್ಸ್ ಕಾರ್ಡ್ ಮಧ್ಯಮದ್ದು. ಕೆಲಸ ನಡೆಸಲು ವೇಗದ ಒಂದು ಡಿಸ್ಕು, ಅದೇ ವಿಡಿಯೊಗಳನ್ನು ಇನ್ನೆರಡು ಕಡೆ ಇಡಲು ಸಾದಾ ಹಾರ್ಡ್ ಡಿಸ್ಕು ಎರಡು. ಮಾನಿಟರಿನ ಸರದಿ ಬಂದಾಗ ತಾವೇ ಮುದ್ರಿಸಿದ ಒಂದು ಮಗುವಿನ ಮುಖದ ಚಿತ್ರವನ್ನು ಚೀಲದಿಂದ ತೆಗೆದು, ಅದನ್ನೇ ಪರದೆಗಳ ಮೇಲೂ ಹಾಕಿಸಿ, ಕೆನ್ನೆಗೆ ಕೆನ್ನೆ ಹೋಲಿಸಿದರು. ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗಿಸಿದ ಗಿರಾಕಿಯನ್ನು ನೋಡಲು ಪಕ್ಕದ ಅಂಗಡಿಯವರೂ ಬಂದು ನಿಂತರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಸಾಫ್ಟ್‌ವೇರ್ ವಿಷಯಕ್ಕೆ ಬಂದಾಗ ಅಂಗಡಿಯಾತ ದನಿ ತಗ್ಗಿಸಿದ. "ದೊಡ್ಡದೊಂದಿದೆ ಮೇಡಂ, ಬೀಗ ಒಡೆದದ್ದು. ಫ್ರೀಯಾಗಿ ಹಾಕ್ಕೊಡ್ತೀನಿ."

ದನಿ ತಗ್ಗಿಸಿದರೇನು, ತುಟಿ ಅಲುಗಿತಲ್ಲ. "ಕದ್ದದ್ದರಲ್ಲಿ ಪಾಠ ಬೇಡ" ಎಂದರು ಮಾವ. ನ್ಯಾಯವಾಗಿಯೇ ಬಿಟ್ಟಿ ಸಿಗುವ ಮೂರನ್ನು ಹಾಕಿಸಿ ನೋಡಿ, ಸದ್ದಿನ ಗೆರೆಯನ್ನು ಎಲ್ಲಕ್ಕಿಂತ ಹಿಗ್ಗಿಸಿ ತೋರಿಸುವುದನ್ನು ಆರಿಸಿದರು. ಮಾತು ಜೋರಾದಲ್ಲಿ ಬೆಟ್ಟ, ಸುಮ್ಮನಿದ್ದಲ್ಲಿ ಬಯಲು, ಅಂಥ ಗೆರೆ.

"ತಪ್ಪು ತಿಳ್ಕೋಬೇಡಿ ಮೇಡಂ, ಸರ್‌ಗೆ ಸೌಂಡ್ ಯಾಕೆ?"

ಮಾವ ಕೌಂಟರಿನ ಮೇಲಿದ್ದ ಚೀಟಿ ಎಳೆದುಕೊಂಡು ಬರೆದರು: ಕೇಳಲಿಕ್ಕಲ್ಲ. ನೋಡಲಿಕ್ಕೆ.

ಇಷ್ಟೆಲ್ಲ ನೋಡಿದವರು ಒಂದರಲ್ಲಿ ಎಡವಿದರು. ಕ್ಯಾಬಿನೆಟ್ ಎಲ್ಲಕ್ಕಿಂತ ಅಗ್ಗದ್ದನ್ನು ತೆಗೆದುಕೊಂಡರು. "ಇದರ ಫ್ಯಾನು ಸ್ವಲ್ಪ ಗಲಾಟೆ ಸರ್" ಎಂದು ಆತ ಹೇಳಿದ್ದ. "ಮಾಡಲಿ, ನನಗೇನು ನಷ್ಟ?" ಎಂದು ಮಾವ ನಕ್ಕಿದ್ದರು. ನಾನೂ ನಕ್ಕಿದ್ದೆ.

ಮನೆಯಲ್ಲಿ ಅದು ಹಳೇ ಬಸ್ಸು ದಿಬ್ಬ ಹತ್ತಿದ ಹಾಗೆ ಏದುಸಿರು ಬಿಟ್ಟಿತು. "ಇದೇನು ಕಂಪ್ಯೂಟರ್ರೋ ಕಾರ್ಖಾನೆಯೋ?" ಎಂದರು ಅಜ್ಜಿ. ವಾರ ಕಳೆಯುವಷ್ಟರಲ್ಲಿ ಅಜ್ಜಿಯೂ ಮರೆತರು, ನಾನೂ ಮರೆತೆ. ಅದರ ಪಕ್ಕದಲ್ಲೇ ಮೈಕ್ ಇಟ್ಟು ನನ್ನ ದನಿ ಹಿಡಿದೆವು. ಮಾವ ಪ್ರೆಸ್ಸಿನಿಂದ ಬಂದು ದಿನಾ ಸಂಜೆ ಎರಡು ತಾಸು ಕತ್ತರಿಸಿದರು, ಜೋಡಿಸಿದರು. ಪರದೆಯ ಮುಕ್ಕಾಲು ಪಾಲು ಅತ್ತೆ, ಸೊಂಟದವರೆಗೆ. ಉಳಿದ ಕಾಲು ಭಾಗದಲ್ಲಿ ಬಡಿಯುವ ಹೃದಯ.

ಒಪ್ಪಿಸಲು ಮೂರು ದಿನ ಇತ್ತು. ಮಾವ ನನ್ನನ್ನು ಕರೆದು ಗೆರೆಯ ಮೇಲೆ ಒಂದು ಕಡೆ ಬೆರಳಿಟ್ಟರು. "ಇಲ್ಲಿ ಏನು ಹೇಳ್ತಿದ್ದೀಯಾ?"

"ಏನೂ ಇಲ್ಲ. ಸುಮ್ಮನಿದ್ದೇನೆ."

"ಹಾಗಾದರೆ ಮಾತಾಡ್ತಿರೋರು ಯಾರು?"

ಬಯಲಾಗಿ ಇರಬೇಕಾದಲ್ಲಿ ಗೆರೆ ಕಂಬಳಿಹುಳುವಿನ ಹಾಗೆ ಜುಂಗುಜುಂಗಾಗಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಗೊರ್ರ್. ಪಾಠದ ಉದ್ದಕ್ಕೂ ಗೊರ್ರ್. ಕಿವಿಯಿದ್ದ ನಾವು ಹದಿನೈದು ದಿನದಿಂದ ಕೇಳದೆ ಬಿಟ್ಟದ್ದನ್ನು ಮಾವನ ಕಣ್ಣು ಹಿಡಿದಿತ್ತು.

ಸದ್ದು ಒರೆಸುವ ಉಪಾಯ ಸಾಫ್ಟ್‌ವೇರಿನಲ್ಲೇ ಇತ್ತು. ಒರೆಸಿದರೆ ನನ್ನ ದನಿ ಕೊಡದೊಳಗಿಂದ ಬಂದಂತಾಯಿತು. ನಾನು ಬಾಯಿ ತೆರೆಯುವ ಮೊದಲೇ ಮಾವ, "ಬೆಟ್ಟಗಳ ಅಂಚು ಸವೆದಿದೆ. ಬೇಡ" ಎಂದರು.

"ಮಾವ, ಮಕ್ಕಳಿಗಂತೂ ಕೇಳಲ್ಲ. ಹೀಗೇ ಕೊಡೋಣ" ಎಂದೆ. ನಿಜಕ್ಕೂ ನನಗೆ ಸಾಕಾಗಿತ್ತು.

ಮಾವ ಗೆರೆಯ ಮೇಲೆ ಇನ್ನೊಮ್ಮೆ ಬೆರಳಿಟ್ಟರು. "ಅವರ ಅಪ್ಪ ಅಮ್ಮ ಕೇಳ್ತಾರೆ. ಕಿವುಡ ಮಾಡಿದ್ದು, ಅದಕ್ಕೇ ಹೀಗೆ ಅಂತ ಯಾರೂ ಅನ್ನಬಾರದು."

ಹಾಸಿಗೆ, ಹೊದಿಕೆ ಒಟ್ಟಿದ ಒಳಕೋಣೆಯಲ್ಲಿ ಮೈಕ್ ಹಿಡಿದು ಕೂತು ಪಾಠವನ್ನು ಪೂರ್ತಿ ಇನ್ನೊಮ್ಮೆ ಓದಿದೆ. ಮಾವ ಎರಡು ದಿನ ರಜೆ ಹಾಕಿ, ಇಪ್ಪತ್ತಾರು ವರ್ಷದಲ್ಲಿ ಹಾಗೆ ರಜೆ ಹಾಕಿದ್ದು ಮೊದಲ ಸಲವಂತೆ, ಹೊಸ ದನಿಯನ್ನು ಅತ್ತೆಯ ಕೈಗೆ ಕೂಡಿಸಿದರು. ನಾನು "ರಕ್ತ" ಎಂದ ಬೆಟ್ಟ ಅತ್ತೆಯ ಬೆರಳು ಹರಿಯುವ ಗಳಿಗೆಗೇ ಬಂದು ಕೂತಿತು, ಬಣ್ಣದ ಮೇಲೆ ಬಣ್ಣ ಕೂತ ಹಾಗೆ. ನಡುವೆ ಅಂಗಡಿಗೆ ಹೋಗಿ ನಿಧಾನ ತಿರುಗುವ ದೊಡ್ಡ ಫ್ಯಾನುಗಳನ್ನೂ ತಂದು ಹಾಕಿದರು. ಪ್ರೆಸ್ಸಿನ ತೆಳು ಕಾಗದದ ಒಂದು ಚೂರನ್ನು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಇಟ್ಟು, ಬಗ್ಗಿ ನೋಡಿದರು. ಕಾಗದ ಮಿಸುಕಲಿಲ್ಲ.

ತರಗತಿಯಲ್ಲಿ ಮೊದಲು ಸ್ಟುಡಿಯೊದವರದ್ದು ನಡೆಯಿತು. ಮಕ್ಕಳು ಕತ್ತು ಚಾಚಿದರು, ಹಿಂದಿನ ಬೆಂಚಿನವರು ಎದ್ದು ನಿಂತರು, ಆಮೇಲೆ ಕಿಟಕಿಯಾಚೆ ನೋಡತೊಡಗಿದರು. ಮಾವನದು ಶುರುವಾದಾಗ ಯಾರೂ ಏಳಲಿಲ್ಲ. ಹೃದಯದ ಬಾಗಿಲು ಮುಚ್ಚಿಕೊಳ್ಳುವ ಕಡೆ ಅತ್ತೆಯ ಅಂಗೈಗಳು ಮುಚ್ಚಿದವು. ಇಪ್ಪತ್ತೆರಡು ಮಕ್ಕಳ ಅಂಗೈಗಳೂ ತಾವಾಗಿ ಮುಚ್ಚಿದವು. ಮುಗಿದ ಮೇಲೆ ಕೇಳಿದ ಆರು ಪ್ರಶ್ನೆಗಳಿಗೂ ಕೈಗಳು ಒಂದರ ಮೇಲೊಂದು ಎದ್ದವು.

ಮುಖ್ಯೋಪಾಧ್ಯಾಯಿನಿ ನನ್ನ ಕಡೆ ತಿರುಗಿದರು. "ಹತ್ತೂ ನೀವೇ ಮಾಡಿ. ಅಂದಹಾಗೆ, ದನಿ ಎಷ್ಟು ಶುದ್ಧವಾಗಿದೆಯಮ್ಮ! ಯಾವ ಸ್ಟುಡಿಯೊದಲ್ಲಿ ಹಿಡಿಸಿದಿರಿ?"

"ಹಾಸಿಗೆ ಕೋಣೇಲಿ ಮೇಡಂ. ನೋಡಿದೋರು ನಮ್ಮ ಮಾವ."

ನಾನು ಅದನ್ನೆಲ್ಲ ಮಾವನಿಗೆ ಕೈಯಲ್ಲಿ ದಾಟಿಸಿದೆ. ಅವರ ಬೆನ್ನು ಒಂದಿಷ್ಟು ನೆಟ್ಟಗಾಯಿತು, ಅಷ್ಟೇ. ಆಗಲೇ ಮುಂದಿನ ಪಾಠದ ಮಾತಿಗೆ ಇಳಿದಿದ್ದರು.

"ಜೀರ್ಣಾಂಗಕ್ಕೆ ಚಿತ್ರ ಹೆಚ್ಚು. ಮಾನಿಟರ್ ಇನ್ನೊಂದು ಇದ್ದರೆ ಒಂದರಲ್ಲಿ ಕೈ ಪೂರ್ತಿ ಇಡಬಹುದು, ಇನ್ನೊಂದರಲ್ಲಿ..."

ಮೊದಲ ಬೆಂಚಿನ ಹುಡುಗಿ ಬಂದು ಅವರ ಅಂಗಿಯ ತೋಳು ಜಗ್ಗಿದಳು. ಬಾಗಿಲು ಮುಚ್ಚುವ ಜಾಗವನ್ನು ಇನ್ನೊಮ್ಮೆ ತೋರಿಸಬೇಕಂತೆ. ಮಾವ ಅರ್ಧ ಮಾತನ್ನು ಗಾಳಿಯಲ್ಲೇ ಬಿಟ್ಟು, ಒಂದು ಕೈ ಇನ್ನೂ ಮೇಲೆತ್ತಿಕೊಂಡೇ, ಅವಳ ಹಿಂದೆ ಪರದೆಯ ಕಡೆಗೆ ನಡೆದರು.