ಗೋಲಿಗೆ ಮೊದಲು ಕರೆದ ವಾಸಣ್ಣ

ಬಂಗುಡೆ ಮೀನು ತೊಳೆಯುವಾಗ ಅದರ ವಾಸನೆಗೆ, ಚಿಕ್ಕವಳಿದ್ದಾಗ ನಾವಿದ್ದ ಗಲ್ಫ್‌ನ ಫಿಂಟಾಸ್ ಊರಿನ ಕಡಲ ದಂಡೆ ನೆನಪಾಯಿತು. ಶುಕ್ರವಾರಗಳಲ್ಲಿ ಅಪ್ಪ ಮತ್ತು ಗೆಳೆಯರು ಅಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಸೋತ ತಂಡದ ನಾಯಕ ಎಲ್ಲರ ಊಟದ ಮೀನು ತೊಳೆಯಬೇಕಿತ್ತು. ವಾರವಾರವೂ ತೊಳೆದು ಬೇಸತ್ತ ಅಪ್ಪ ಒಮ್ಮೆ, "ಇವತ್ತು ಟೀಮ್ ನೀನೇ ಆರಿಸು ಮಗಾ" ಎಂದರು.

ನಾಯಕರು ಗೋಲು ಹೊಡೆಯುವವರನ್ನೇ ಮೊದಲು ಕರೆದು, ಕೊನೆಗೆ ಉಳಿದವನನ್ನು ಗೋಲಿಗೆ ನಿಲ್ಲಿಸುತ್ತಿದ್ದರು. ಅವನು ಮುಖ ಊದಿಸಿಕೊಂಡೇ ನಿಲ್ಲುತ್ತಿದ್ದ. ನಾನು ಗೋಲಿಗೆಂದೇ ಉದ್ದ ಕೈಯ ವಾಸಣ್ಣನನ್ನು ಮೊದಲು ಕರೆದೆ.

"ಗೋಲಿಗೆ ಮೊದಲು ಜನ ಕರೆಯುವುದುಂಟಾ ಮಾರಾಯ್ತಿ?" ಎದುರು ನಾಯಕ ರಾಮಣ್ಣ ನಕ್ಕರು.

ಮೊದಲು ಕರೆಸಿಕೊಂಡ ಹೆಮ್ಮೆಗೆ ವಾಸಣ್ಣ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ನಮಗೆ ಒಂದೇ ಗೋಲು ಸಾಕಾಯಿತು. ರಾಮಣ್ಣ ಮೀನಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಅವರ ಸುತ್ತ ಮೆರವಣಿಗೆ ಹೊರಟರು.

ಬಂಗುಡೆ ತೊಳೆದು ಮುಗಿಯುವಷ್ಟರಲ್ಲಿ ನನ್ನ ಮಗಳು ಫೋನ್ ಹಿಡಿದು ಬಂದಳು. "ಸ್ಟ್ರೈಕರ್ ಬಿಟ್ಟು ಗೋಲ್‌ಕೀಪರ್‌ನ ತಗೊಂಡಿದೆ ನಮ್ಮ ಕ್ಲಬ್. ವರ್ಸ್ಟ್ ಸೈನಿಂಗ್, ಅಮ್ಮ."

"ಬೆಟ್ ಕಟ್ಟು" ಎಂದೆ. "ಸೋತವರು ಮೀನು ತೊಳೆಯಬೇಕು."