ಸೀಸ ಬೇಡವೆಂದ ಹುಡುಗಿ

ಮೊನ್ನೆ ಹೊಸ ಗ್ಯಾಸ್ ಲೈಟರ್ ತಂದೆ. ಒತ್ತಿದೊಡನೆ ಕಟ್ ಎಂದು ನೀಲಿ ಕಿಡಿ... ಒಲೆ ಹೊತ್ತಿತು, ನಾನು ಮಾತ್ರ ಲೈಟರ್ ಹಿಡಿದು ನಿಂತೇಬಿಟ್ಟೆ. ಅದರ ಹೊಟ್ಟೆಯೊಳಗೆ ಪುಟ್ಟ ಸೆರಾಮಿಕ್ ತುಂಡಿರುತ್ತದೆ, ಒತ್ತಿದರೆ ಕರೆಂಟು ಹುಟ್ಟಿಸುತ್ತದೆ, ಅದರಲ್ಲಿ ಸೀಸ ಬೆರೆತಿರುತ್ತದೆ ಎಂದು ಇಂಗ್ಲಿಷ್ ಟೀಚರಾದ ನನಗೆ ಕಲಿಸಿದವಳು, ಯಾದಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫಿಸಿಕ್ಸ್ ಲೆಕ್ಚರರ್.

ಸುರಪುರದ ಹುಡುಗಿ. ಅವಳ ಅಣ್ಣ ಶಹಾಪುರದಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ ಮಾಡಿ ಮಾಡಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಷ್ಟು ಕೈ ಸೋತವನು. ಅದಕ್ಕೇ ಪಿಎಚ್.ಡಿ.ಯಲ್ಲಿ ಇವಳದು ಒಂದೇ ಹಟ: ಸೀಸವಿಲ್ಲದೆ ಅಂಥದೇ ಸೆರಾಮಿಕ್ ಮಾಡಬೇಕು. ಸೀಸದ ಜಾಗದಲ್ಲಿ ಬಿಸ್ಮತ್, ಸೋಡಿಯಂ. ವಾಟ್ ಎ ಸ್ಟಬರ್ನ್ ಗರ್ಲ್ ಎಂದುಕೊಳ್ಳುತ್ತಿದ್ದೆ.

ಹಟವೇನೋ ಸರಿ, ಬಿಲ್ಲೆಗಳು ಮಾತು ಕೇಳಬೇಕಲ್ಲ! ಸೆರಾಮಿಕ್ ಪುಡಿಯನ್ನು ಒತ್ತಿ ಮಾಡಿದ, ಕೋಟಿನ ಗುಂಡಿಯಷ್ಟಗಲದ ಬಿಲ್ಲೆಗಳು. ಭಟ್ಟಿಯಲ್ಲಿ ಸುಟ್ಟು, ಆಮೇಲೆ ಬಿಸಿ ಎಣ್ಣೆಯಲ್ಲಿ ಮುಳುಗಿಸಿ ವೋಲ್ಟೇಜ್ ಏರಿಸಬೇಕು. ಆಗಲೇ ಅವಕ್ಕೆ ಒತ್ತಿದರೆ ಕರೆಂಟು ಹುಟ್ಟಿಸುವ ಗುಣ ಬರುವುದು. ಅವಳವು ಅರ್ಧದಲ್ಲೇ ಕರೆಂಟು ಸೋರಿ, ಟಪ್ಪೆಂದು ಸಿಡಿಯುತ್ತಿದ್ದವು. ಅವಳ ಗೈಡ್ ಬೇಸತ್ತಿದ್ದರು. "ಇದೊಂದ್ ಸಲ ನೋಡವ್ವ. ಆಗಲಿಲ್ಲಂದ್ರ ಸುಮ್ನ ಸೀಸ ಹಾಕು, ಡಿಗ್ರಿ ತಗೊಂಡು ಮನೀಗಿ ಹೋಗು."

ಉಳಿದದ್ದು ಒಂದೇ ಬಾಟಲಿ ಪುಡಿ. ಆ ಸಂಜೆ ಕಾಂಪೌಂಡ್ ಗೋಡೆಗೆ ಒರಗಿ ಅವಳೇ ಹೇಳಿದಳು: "ಅಕ್ಕೋರೆ, ಸುಡುವಾಗ ಬಿಸ್ಮತ್ ಆವಿಯಾಗಿ ಹಾರಿ ಹೋಗಾಕತ್ತೈತ್ರಿ. ಅದಕ್ಕ ಸೋರ್ತಾವ. ಅರ್ಧ ಪುಡಿಲೆ ಬಿಲ್ಲಿ ಮಾಡಿ, ಉಳಿದರ್ಧದಾಗ ಅವನ್ನ ಹೂತು, ಮುಚ್ಚಳ ಹಾಕಿ ಸುಡ್ತೀನ್ರಿ." ಸುತ್ತಲಿನ ಪುಡಿಯೇ ಆವಿ ಬಿಟ್ಟುಕೊಟ್ಟು, ಬಿಲ್ಲೆಯದು ಬಿಲ್ಲೆಯಲ್ಲೇ ಉಳಿಯುತ್ತದಂತೆ.

"ಬಿಲ್ಲಿ ಸುಡ್ತೀಯೋ, ಉಪ್ಪಿನಕಾಯಿ ಹಾಕ್ತೀಯೋ? ಕೆಟ್ಟರ ಇದ್ದದ್ದೆಲ್ಲಾ ಹೋತಲ್ಲ!"

"ಹೋಗ್ಲಿ ಬಿಡ್ರಿ. ಪುಡಿ ಉಳಿಸಿ ಉಳಿಸಿ ಕೆಟ್ಟ ಬಿಲ್ಲಿ ಮಾಡೂದಕಿಂತ ಇದ ಬೇಷ್. ನೀವೂ ಜೋಡಿ ಬರ್ರಿ. ನಾ ಅತ್ತರ ಹಿಡಿಯಾಕ ಒಬ್ರು ಬೇಕಲ್ಲ."

ಹೋದೆ. ಬಿಲ್ಲೆ ಎಣ್ಣೆಗಿಳಿದ ದಿನ ಲ್ಯಾಬಿನ ಸ್ಟೂಲ್ ಮೇಲೆ ಕೂತು, ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್‌ಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ. ಅವಳು ನಾಬ್ ತಿರುಗಿಸುತ್ತ ಹೋದಳು. ಹಿಂದಿನವು ಸಿಡಿದ ಮಟ್ಟ ಬಂತು... ದಾಟಿತು. ಎಣ್ಣೆ ಸುಮ್ಮನಿತ್ತು. ಇನ್ನೂ ಏರಿಸಿದಳು. ಬಿಲ್ಲೆ ತಡೆದುಕೊಂಡಿತು. ತಣ್ಣಗಾದ ಮೇಲೆ, ಎಷ್ಟು ಕರೆಂಟು ಹುಟ್ಟಿಸುತ್ತದೆಂದು ಮೀಟರಿಗಿಟ್ಟರೆ, ಮುಂಚಿನ ಯಾವ ಬಿಲ್ಲೆಯೂ ಕೊಡದ ಅಂಕಿ! ಗೈಡ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸೀಸದ ಮಾತು ಮತ್ತೆ ಎತ್ತಲಿಲ್ಲ. ಅವಳು ಅಳಲಿಲ್ಲ. "ಅಕ್ಕೋರೆ, ಹಸಿವಾಗೈತ್ರಿ," ಎಂದಳು. ಕ್ಯಾಂಟೀನಿನಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು, ನನ್ನ ಪ್ಲೇಟಿಗೂ ಕೈ ಹಾಕಿದಳು.

ಡಾಕ್ಟರೇಟ್ ಬಂತು, ವಿದ್ಯಾರ್ಥಿಗಳು ಬಂದರು. ಆಮೇಲೊಂದು ಜ್ವರ ಬಂತು, ಅವಳನ್ನು ಉಳಿಸಲಿಲ್ಲ... ಅದರ ಬಗ್ಗೆ ಬರೆಯಲಾರೆ.

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಶಿಷ್ಯೆ ಸಿಕ್ಕಳು. ನಾನೆಲ್ಲಿ ಬೇಜಾರಾಗುತ್ತೇನೋ ಎಂಬಂತೆ ಮೆಲ್ಲಗೆ, "ಟೀಚರ್, ಮೇಡಮ್ಮಾರ ಅಂಕಿ ನಾವು ದಾಟೇವ್ರಿ. ಸೀಸ ಇಲ್ಲದನ," ಎಂದಳು.

"ದಾಟಬೇಕವ್ವ. ಅದಕ್ಕ ಅಲ್ಲೇನು ಅಕಿ ಅಷ್ಟು ಗುದ್ದಾಡಿದ್ದು!"

ಎಷ್ಟು ಪ್ರೌಡ್ ಆದೆನೆಂದರೆ, ಆಟೋ ಇಳಿದು ಸುದ್ದಿ ಹೇಳುವ ಅವಸರದಲ್ಲಿ ನಮ್ಮ ಗೇಟು ದಾಟಿ, ಪಕ್ಕದ ಮನೆಯ ಬಾಗಿಲಿಗೇ ಹೋಗಿ ನಿಂತಿದ್ದೆ. ಹೊರಗೆ ಬೇರೆ ಯಾರದೋ ಚಪ್ಪಲಿಗಳಿದ್ದವು.