ಚೀಟಿ ಕೊಡದ ಗಾಡಿ

ದುರ್ಗದ ಪೇಟೆಯ ನಡುವಿನಲ್ಲಿ ಗಾಡಿ ನಿಲ್ಲಿಸುವ ಜಾಗವನ್ನು ನಾನು ಒಂಬತ್ತು ವರ್ಷ ನೋಡಿಕೊಂಡೆ. ನೋಡಿಕೊಂಡೆ ಅಂದರೆ ಬೈದುಕೊಂಡಿದ್ದೆ ಅಂತಲೇ ಅರ್ಥ. ನನ್ನ ಬಾಯಿ ಒಳ್ಳೆಯದಲ್ಲ, ಒಪ್ಪಿಕೊಳ್ಳುತ್ತೇನೆ. ಮೂರು ಗಾಡಿ ಹಿಡಿಸುವ ಕಡೆ ಒಂದನ್ನೇ ಅಡ್ಡಡ್ಡ ಒರಗಿಸಿ, ಮೇಲೆ ಹ್ಯಾಂಡಲ್ ಲಾಕ್ ಬೇರೆ ಮಾಡಿ, ಹಿಂದೆ ತಿರುಗಿಯೂ ನೋಡದೆ ಹೋಗುವ ಮಹಾನುಭಾವರನ್ನು ದಿನಾ ಕಂಡರೆ ಯಾರ ಬಾಯಿ ತಾನೇ ಒಳ್ಳೆಯದಾಗಿರುತ್ತದೆ? ಒಂದು ಸೊಟ್ಟಗೆ ನಿಂತರೆ ಅದರ ಪಕ್ಕದ್ದೂ ಸೊಟ್ಟಗೇ ನಿಲ್ಲುತ್ತದೆ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಅನ್ನುವ ಗಾದೆಯನ್ನು ಇಂಥವರನ್ನು ನೋಡಿಯೇ ಕಟ್ಟಿರಬೇಕು.

ಬಾಯಿಯ ಜೊತೆಗೆ ಜಂಬವೂ ಇತ್ತು. ನಾನು ಯಾವತ್ತೂ ನಂಬರ್ ಪ್ಲೇಟು ಓದಿದವನಲ್ಲ. ಗಾಡಿಯನ್ನು ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದೆ. ಎಡಗನ್ನಡಿ ಇಲ್ಲದ್ದು ಇಂಥವರದು, ಸೀಟಿಗೆ ಟವೆಲ್ ಸುತ್ತಿದ್ದು ಇಂಥವರದು. ಹಾಗೆಯೇ, ಪರಿಚಯದವರಿಗೆ ಚೀಟಿ ಕೊಡುತ್ತಿರಲಿಲ್ಲ. ವಾರ ವಾರ ಬರುವವರ ಕೈಗೆ ಚೀಟಿ ತುರುಕಿದರೆ ನಿಮ್ಮ ಮುಖ ನನಗೆ ಗೊತ್ತಿಲ್ಲ ಎಂದ ಹಾಗೆ, ನಮ್ಮ ಕಡೆ ಅದು ಅವಮಾನ. ಕೈ ಬೀಸಿ 'ಹೋಗ್ರಿ ಹೋಗ್ರಿ' ಅಂದರೆ ಅವರಿಗೂ ಖುಷಿ, ನನಗೂ ದೊಡ್ಡಸ್ತಿಕೆ. ಇನ್ನೊಂದು ಕಟ್ಟಳೆಯೂ ಇತ್ತು. ಗಾಡಿಯನ್ನು ಎಷ್ಟಾದರೂ ಎತ್ತು, ಸರಿಸು, ಆದರೆ ಅದಕ್ಕೆ ತಗುಲಿಸಿದ ಚೀಲಕ್ಕೆ ಕೈ ಹಾಕಬೇಡ. ಚೀಲ ಮುಟ್ಟಿದವನನ್ನು ಕಳ್ಳ ಅನ್ನಲು ಪೇಟೆಗೆ ಒಂದು ಗಳಿಗೆ ಸಾಕು.

ಇವೆಲ್ಲ ಸೇರಿ ಒಬ್ಬ ಮನುಷ್ಯನಿಗೆ ಏನು ಮಾಡಿದವು ಎಂಬುದನ್ನು ಬರೆಯಲು ಕೂತಿದ್ದೇನೆ. ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿಲ್ಲ.

ಅವನು ಮದಕರಿಪುರದ ಕಡೆಯವನು, ಕುರಿ ಸಾಕಿಕೊಂಡಿದ್ದವನು. ಕುರಿಗಳ ಔಷಧಿಗೆಂದು ಪೇಟೆಗೆ ಬರುತ್ತಿದ್ದ. ಹೆಸರು ನಾನು ಕೇಳಿರಲಿಲ್ಲ, ಅವನೂ ನನ್ನದನ್ನು ಕೇಳಿರಲಿಲ್ಲ. ಕೆಂಪು ಟ್ಯಾಂಕಿನ ಹಳೇ ಬೈಕು, ಪಕ್ಕಕ್ಕೆ ಒಂದು ರೆಕ್ಸಿನ್ ಚೀಲ. ನನ್ನ ಹತ್ತಿರ ಒಂದು ಸಲವೂ ಬೈಸಿಕೊಳ್ಳದ ಗಿರಾಕಿ ಅಂದರೆ ಅವನೊಬ್ಬನೇ ಇರಬೇಕು, ಅಷ್ಟು ನೇರ ನಿಲ್ಲಿಸುತ್ತಿದ್ದ. ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ ಗಾಡಿ ನಿಲ್ಲಿಸಿ, ಈಗ ಬಂದೆ ಅನ್ನುವ ಹಾಗೆ ಬೆರಳು ತೋರಿಸಿದ. ನಾನು ಎಂದಿನಂತೆ ಕೈ ಬೀಸಿ ಕಳಿಸಿದೆ.

ಮಧ್ಯಾಹ್ನವಾಯಿತು, ಬರಲಿಲ್ಲ. ಸಂಜೆ ಸಾಲು ಖಾಲಿಯಾಗುತ್ತಾ ಬಂದಾಗ ಆ ಚೀಲದೊಳಗಿಂದ ಫೋನು ಹೊಡೆದುಕೊಳ್ಳತೊಡಗಿತು. ಮರೆತು ಹೋಗಿದ್ದಾನೆ ಅಂದುಕೊಂಡೆ. ನಿಂತಿತು, ಮತ್ತೆ ಹೊಡೆಯಿತು. ಪೂರ್ತಿ ಹೊಡೆದು ನಿಲ್ಲುವುದು, ಒಂದು ಉಸಿರಿನಷ್ಟು ಬಿಟ್ಟು ಮತ್ತೆ ಶುರುವಾಗುವುದು. ಚೀಲದ ಜಿಪ್ಪು ಅರ್ಧ ತೆರೆದೇ ಇತ್ತು, ಒಳಗಿನ ಬೆಳಕೂ ಕಾಣುತ್ತಿತ್ತು. ನಾನು ಎರಡು ಹೆಜ್ಜೆ ಹತ್ತಿರ ಹೋಗಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಪರರ ಚೀಲ ಮುಟ್ಟದ ಪ್ರಾಮಾಣಿಕ ನಾನು. ಆಮೇಲೆ ಮನೆಗೆ ಹೋದೆ.

ಶನಿವಾರವೂ ಗಾಡಿ ಅಲ್ಲೇ ನಿಂತಿತ್ತು. ನನಗೆ ಒಳಗೊಳಗೇ ಭಯ ಶುರುವಾಗಿತ್ತು. ಅದನ್ನು ಭಯ ಅಂತ ಒಪ್ಪಿಕೊಳ್ಳಲಿಲ್ಲ ಅಷ್ಟೆ. ಒಳ್ಳೇ ಗಿರಾಕಿಯ ಗಾಡಿ, ಯಾರೋ ಗೀಚಿಯಾರು, ಬಿಸಿಲಿಗೆ ಸೀಟು ಒಡೆದೀತು ಎಂದು ಹಿಂದಿನ ಗೋಡೆ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ನಿಲ್ಲಿಸಿದೆ. ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸು ಬಿದ್ದಿತ್ತು. ಅದನ್ನು ಮೇಲೆ ಹೊದಿಸಿ, ನಮ್ಮೂರ ಗಾಳಿಗೆ ಹಾರದಿರಲಿ ಎಂದು ಹಗ್ಗ ಸುತ್ತಿದೆ. ಎಲ್ಲರಿಗೂ ಹೀಗೆ ಮಾಡುತ್ತಿರಲಿಲ್ಲ. ಅದು ವಿಶೇಷ ಮರ್ಯಾದೆ. ಹಗ್ಗ ಬಿಗಿಯುವಾಗಲೂ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು.

ಅದೇ ಮಧ್ಯಾಹ್ನ ಒಬ್ಬ ಹೆಂಗಸು, ಜೊತೆಗೆ ಅವಳ ತಮ್ಮ ಬಂದರು. ಅವಳು ಆ ಕುರಿಯವನ ಹೆಂಡತಿ ಎಂದು ನನಗೆ ಆಗ ಗೊತ್ತಿರಲಿಲ್ಲ. ಶನಿವಾರದ ಜನ, ಕಾರಿನವನೊಬ್ಬ ದ್ವಾರಕ್ಕೇ ಅಡ್ಡ ನಿಲ್ಲಿಸಿ ಜಗಳಕ್ಕೆ ನಿಂತಿದ್ದ, ನನ್ನ ತಲೆ ಕಾದ ಹೆಂಚಾಗಿತ್ತು. ಅವಳು ಒಂದು ನಂಬರ್ ಹೇಳಿ, ಕೆಂಪು ಗಾಡಿ ನೋಡಿದಿರಾ ಎಂದು ಕೇಳಿದಳು. ನಂಬರ್ ನನ್ನ ಕಿವಿಗೇ ಇಳಿಯಲಿಲ್ಲ.

"ಕೆಂಪು ಗಾಡಿ ನೂರು ಬರ್ತಾವೆ. ಸಾಲಿನಾಗೆ ಇದ್ರೆ ಐತೆ, ಇಲ್ಲಾಂದ್ರೆ ಇಲ್ಲ. ನೋಡ್ಕಳ್ರಿ" ಅಂದೆ.

ಅವರು ಸಾಲು ಸಾಲೇ ನಡೆದು ನೋಡಿದರು. ಗೋಡೆಯ ಹತ್ತಿರ ಹೋಗಿ ಅವಳು ಸ್ವಲ್ಪ ಹೊತ್ತು ನೆರಳಿಗೆ ನಿಂತಿದ್ದಳು. ಪಕ್ಕದಲ್ಲೇ ಫ್ಲೆಕ್ಸು. ಆ ಹೊತ್ತಿಗೆ ಫೋನು ಸುಮ್ಮನಿತ್ತು. ಕಾರಿನವನನ್ನು ಸಾಗಹಾಕಿ ನಾನು ತಿರುಗುವಷ್ಟರಲ್ಲಿ ಹೊರಟು ಹೋಗಿದ್ದರು.

ಆ ಕುರಿಯವನು ಮನೆಯಲ್ಲಿ, ದುರ್ಗದಲ್ಲಿ ಔಷಧಿ ತೆಗೆದುಕೊಂಡು ಹಾಗೇ ಹಿರಿಯೂರಿನಾಚೆ ಆದಿವಾಲದ ತಂಗಿ ಮನೆಗೆ ಹೋಗಿಬರುತ್ತೇನೆ ಎಂದು ಹೇಳಿದ್ದನಂತೆ. ದುರ್ಗದಲ್ಲಿ ಗಾಡಿ ಇಲ್ಲ ಅಂದ ಮೇಲೆ ಅವನು ಹೆದ್ದಾರಿ ಹಿಡಿದಿದ್ದಾನೆ ಅಂತ ತಾನೇ ಅರ್ಥ? ಇಡೀ ಮನೆಯವರು ಹಿರಿಯೂರು ದಾರಿಯ ಪಕ್ಕದ ಹಳ್ಳ, ಮೋರಿಗಳನ್ನೆಲ್ಲ ಇಣುಕಿ ನೋಡಿಕೊಂಡು ಹೋದರು. ಹಿರಿಯೂರಿನ ಆಸ್ಪತ್ರೆಗಳಲ್ಲಿ ಕೇಳಿದರು, ಜವನಗೊಂಡನಹಳ್ಳಿಯವರೆಗೂ ಹುಡುಕಿದರು. ದುರ್ಗದ ಆಸ್ಪತ್ರೆಗೆ ಯಾರೂ ಬರಲಿಲ್ಲ. ಬರಬೇಕಾಗಿಲ್ಲ ಎಂದು ನಾನೇ ಹೇಳಿ ಕಳಿಸಿದ್ದೆನಲ್ಲ.

ಭಾನುವಾರ ಫೋನು ಹೊಡೆಯಲಿಲ್ಲ. ಶನಿವಾರ ಆ ಶಬ್ದಕ್ಕೆ ಕಿರಿಕಿರಿ ಪಟ್ಟಿದ್ದವನು, ಭಾನುವಾರ ಗೋಡೆಯ ಕಡೆ ಕಿವಿ ಕೊಟ್ಟುಕೊಂಡೇ ಕೂತಿದ್ದೆ. ಒಂದು ಸಲ ಹೊಡೆದರೂ ಸಾಕು, ಈ ಸಲ ಎತ್ತಿಬಿಡುತ್ತೇನೆ ಎಂದುಕೊಂಡೆ. ಗಾಳಿಗೆ ಫ್ಲೆಕ್ಸು ಪಟಪಟ ಅನ್ನುತ್ತಿತ್ತೇ ಹೊರತು ಬೇರೆ ಸದ್ದಿಲ್ಲ. ಊಟ ಸೇರಲಿಲ್ಲ. ಹೆಂಡತಿ ಏನಾಯಿತು ಅಂದದ್ದಕ್ಕೆ ಅವಳ ಮೇಲೂ ರೇಗಿದೆ.

ಸೋಮವಾರ ಎದುರಿನ ಚಹಾ ಅಂಗಡಿಯವನು ಒಂದು ತುಂಡು ಕಾಗದ ತೋರಿಸಿದ. ಶನಿವಾರ ಬಂದಿದ್ದ ಆ ತಮ್ಮ ಗಾಡಿಯ ನಂಬರ್ ಬರೆದು ಅವನ ಹತ್ತಿರ ಕೊಟ್ಟು ಹೋಗಿದ್ದನಂತೆ. ಕೆಳಗೆ ಮದಕರಿಪುರ ಎಂದಿತ್ತು.  ಹಗ್ಗ ಬಿಚ್ಚುತ್ತ ಕೂರದೆ ಚಾಕು ಇಸಿದುಕೊಂಡು ಕೊಯ್ದೆ. ಒಂಬತ್ತು ವರ್ಷದಲ್ಲಿ ನಾನು ಅಕ್ಷರ ಅಕ್ಷರ ಕೂಡಿಸಿ ಓದಿದ ಮೊದಲ ನಂಬರ್ ಪ್ಲೇಟು ಅದು.

ಸರ್ಕಲ್ಲಿನ ಪೊಲೀಸಿನವರ ಹತ್ತಿರ ಓಡಿದೆ. ಅವರು ಒಂದು ಫೋನು ಮಾಡಿದರು, ಇನ್ನೊಂದು ಮಾಡಿದರು, ಆಮೇಲೆ ನನ್ನ ಮುಖ ನೋಡದೆ ಹೇಳಿದರು. ಶುಕ್ರವಾರ ಔಷಧಿ ಅಂಗಡಿ ಬೀದಿಯಲ್ಲಿ ಲಕ್ವ ಹೊಡೆದು ಬಿದ್ದವನನ್ನು ಯಾರೋ ಪುಣ್ಯಾತ್ಮರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಜೇಬಿನಲ್ಲಿ ನಾಲ್ಕು ನೋಟು ಬಿಟ್ಟರೆ ಒಂದು ಚೂರು ಕಾಗದವಿರಲಿಲ್ಲ. ಗುರುತಿಲ್ಲದವನು ಎಂದೇ ಮಲಗಿಸಿಕೊಂಡಿದ್ದರು. ಜೀವ ಹೋಗಿದ್ದು ಅದೇ ಸೋಮವಾರ ನಸುಕಿನಲ್ಲಿ. ನಮ್ಮ ಚೀಟಿಯ ಮೇಲೆ ಜಾಗದ ಹೆಸರು, ಗುತ್ತಿಗೆದಾರರ ಫೋನು ನಂಬರ್ ದಪ್ಪಕ್ಷರದಲ್ಲಿ ಇರುತ್ತದೆ.

ಅವನ ದಿನಕಾರ್ಯ ಕಳೆದ ಮೇಲೆ ಅವಳೂ ಅವಳ ತಮ್ಮನೂ ಗಾಡಿ ಒಯ್ಯಲು ಬಂದರು. ಒರೆಸಿ ಮುಂದಕ್ಕೆ ತಂದು ನಿಲ್ಲಿಸಿದ್ದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಚೀಟಿ ಕೊಡದೇ ಇದ್ದದ್ದು, ಫ್ಲೆಕ್ಸು, ಫೋನು, ಎಲ್ಲ ಒಪ್ಪಿಸಿದೆ. ಅವಳ ತಮ್ಮ ಬೇರೆ ಕಡೆ ತಿರುಗಿದ. ಬೈದಿದ್ದರೆ, ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

ಅವಳು ಸೀಟಿನ ಮೇಲೆ ಕೈಯಿಟ್ಟು, "ನಾನು ಇಡೀ ದಿನ ಫೋನ್ ಹಚ್ಚಿದ್ದೆ" ಎಂದಳು. ಆಮೇಲೆ ಆಸ್ಪತ್ರೆಯ ನರ್ಸು ಹೇಳಿದ್ದನ್ನು ಹೇಳಿದಳು.

"ಬಲಗಡೆ ಪೂರಾ ಬಿದ್ದೋಗಿತ್ತಂತೆ, ಮಾತೂ ಇಲ್ಲ. ಎಡಗೈ ಒಂದು ಆಡ್ತಿತ್ತಂತೆ. ಎಚ್ಚರ ಇದ್ದಾಗೆಲ್ಲ ಹಿಂಗೆ ಮಾಡ್ತಿದ್ರಂತೆ."

ಎಡಗೈ ಮುಷ್ಟಿ ಮುಂದೆ ಚಾಚಿ ತನ್ನ ಕಡೆಗೆ ತಿರುವಿದಳು. ಬಿಟ್ಟು ಮತ್ತೆ ತಿರುವಿದಳು.

"ಏನು ಕೇಳ್ತಾರೆ ಅಂತ ಯಾರಿಗೂ ತಿಳೀಲಿಲ್ಲಂತೆ. ನೀರೇನೋ ಅಂತ ನೀರು ಕುಡಿಸಿದ್ರಂತೆ."

ನನಗೆ ಅವಳು ಮೊದಲ ಸಲ ಮುಷ್ಟಿ ತಿರುವಿದಾಗಲೇ ತಿಳಿಯಿತು. ಅದು ಎಕ್ಸಿಲೇಟರ್. ಆಸ್ಪತ್ರೆ ನಾನು ನಿಲ್ಲುತ್ತಿದ್ದ ಜಾಗದಿಂದ ನಡೆದರೆ ಹತ್ತು ನಿಮಿಷದ ದಾರಿ. ಮೂರು ದಿನ ಅವನು ತನ್ನ ಗಾಡಿ ನೋಡಿ ಎಂದು ಹೇಳುತ್ತಲೇ ಇದ್ದ, ಆ ಗಾಡಿ ಎಲ್ಲಿದೆ ಎಂದು ಗೊತ್ತಿದ್ದವನು ಇಡೀ ದುರ್ಗದಲ್ಲಿ ನಾನೊಬ್ಬನೇ.